ಹಿಂದೆ ಹೇಳುವವರು ಯಾರು?

ಗದ್ವಾಲಿನಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ಶನಿವಾರ ಸಂಜೆ ಎಂಟು-ಹತ್ತು ಮಂದಿ ಹೆಂಗಸರು ಭಜನೆಗೆ ಸೇರುತ್ತಾರೆ. ಹಾರ್ಮೋನಿಯಂ ಇಲ್ಲ, ಮೈಕಿಲ್ಲ. ಎರಡು ಜೊತೆ ತಾಳ, ಒಂದು ನೋಟುಬುಕ್ಕು. ಒಬ್ಬರು ನುಡಿ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ‘ಹಾಡುವುದು’ ಎಂಬ ಮಾತೇ ಅಲ್ಲಿ ಕಡಿಮೆ. ಪದ ಹೇಳುವುದು, ಹಿಂದೆ ಹೇಳುವುದು, ಅಷ್ಟೆ. ನೋಟುಬುಕ್ಕಿನ ಪದಗಳೆಲ್ಲ ಕನ್ನಡದವು, ಅಕ್ಷರ ಮಾತ್ರ ತೆಲುಗಿನವು. ಅತ್ತೆ ಓದಿದ್ದು ತೆಲುಗು ಶಾಲೆಯಲ್ಲಿ; ಕನ್ನಡ ಅವಳಿಗೆ ಅಡುಗೆಮನೆಯಿಂದ, ದೇವರಮನೆಯಿಂದ ಬಂದದ್ದು. ಕೆಲವು ಪುಟಗಳಲ್ಲಿ ತೆಲುಗಿನ ಓರೆ ತಲಕಟ್ಟಿನ ನಡುವೆ ಕನ್ನಡದ ಅಡ್ಡ ತಲಕಟ್ಟು ನುಸುಳಿಬಿಟ್ಟಿದೆ. ರಾಯಚೂರಿನಿಂದ ಯಾರೋ ತಂದ ಅಚ್ಚಿನ ಪುಸ್ತಕ ಎದುರಿಟ್ಟುಕೊಂಡು ಬರೆದ ದಿನಗಳಿರಬೇಕು ಅವು.

ಒಂದು ಶನಿವಾರ ಭಜನೆ ಮುಗಿದು, ಮಂಗಳಾರತಿಯ ಬಿಸಿ ಆರುವ ಹೊತ್ತಿಗೆ, ನನ್ನ ಮೊಬೈಲಿನಲ್ಲಿ ಬೌದ್ಧ ಭಿಕ್ಷುಣಿ ಅನಿ ಚೋಯಿಂಗ್ ಡೋಲ್ಮಾ ಅವರ ಒಂದು ಟಿಬೆಟನ್ ಪ್ರಾರ್ಥನೆಯನ್ನು ಅತ್ತೆಗೆ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಅಂದಳು: “ದನಿ ಭಾಳ ಛಲೋ ಅದ. ಆದ್ರ ಇದಕ್ಕ ನಾ ಹಿಂದ ಹೆಂಗ ಹೇಳ್ಲೋ?”

ಪವಿತ್ರ ಸಂಗೀತ ಮಠದ ಗೋಡೆ ದಾಟಿ ಲೋಕಕ್ಕೆ ಬರುವುದರ ಬಗ್ಗೆ ನಾನು ಓದಿದ ಬಹಳಷ್ಟು ಬರಹಗಳು ಎರಡೇ ಪ್ರಶ್ನೆ ಕೇಳುತ್ತವೆ: ಪಾವಿತ್ರ್ಯ ಕೆಟ್ಟಿತೇ, ಎಷ್ಟು ಜನ ಕೇಳಿದರು? ಅತ್ತೆಯದು ಮೂರನೆಯ ಪ್ರಶ್ನೆ. ಕೃಷ್ಣೆ-ತುಂಗಭದ್ರೆಯರ ನಡುವಿನ ನಮ್ಮ ನಡಿಗಡ್ಡೆಯಲ್ಲಿ ಹುಟ್ಟಿದ ಆ ಅಳತೆಗೋಲನ್ನೇ ಹಿಡಿದು ಈ ಭಿಕ್ಷುಣಿಯ ಸಂಗೀತವನ್ನೂ ಅದರ ಹಿಂದಿರುವ ಪರಂಪರೆಯನ್ನೂ ತೂಗಿ ನೋಡಬೇಕೆನ್ನಿಸಿತು. ತೂಗುವಾಗ ನಮ್ಮ ದಾಸರ ಪರಂಪರೆಯನ್ನು ತಕ್ಕಡಿಯ ಹೊರಗಿಡುವಂತಿಲ್ಲ.

*

ಅನಿ ಚೋಯಿಂಗ್ 1971ರಲ್ಲಿ ಕಠ್ಮಂಡುವಿನಲ್ಲಿ, ಟಿಬೆಟ್ ಬಿಟ್ಟು ಬಂದ ಕುಟುಂಬದಲ್ಲಿ ಹುಟ್ಟಿದವರು. ತಂದೆಯ ಹೊಡೆತ-ಬಡಿತ ತಾಳಲಾರದೆ, ಮದುವೆಯೆಂಬುದೇ ಬೇಡವೆಂದು, ಹದಿವಯಸ್ಸಿನಲ್ಲಿ ಶಿವಪುರಿ ಬೆಟ್ಟದ ನಾಗಿ ಗೊಂಪ ಎಂಬ ಭಿಕ್ಷುಣಿಯರ ಮಠ ಸೇರಿದರು. ಇದನ್ನು ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಅಲ್ಲಿ ಗುರುವಾಗಿ ಸಿಕ್ಕವರು ತುಲ್ಕು ಉರ್ಗ್ಯೆನ್ ರಿಂಪೋಚೆ. ‘ಅನಿ’ ಎಂದರೆ ಟಿಬೆಟನ್ನರಲ್ಲಿ ಭಿಕ್ಷುಣಿಯನ್ನು ಕರೆಯುವ ಮಾತು, ನಾವು ‘ಅವ್ವಾರು’ ಅಂದಹಾಗೆ.

ಅವರು ಕಲಿತದ್ದರಲ್ಲಿ ಮುಖ್ಯವಾದದ್ದು ‘ಚೋ’. ಆ ಮಾತಿಗೆ ಕತ್ತರಿಸುವುದು ಎಂದರ್ಥ. ಕತ್ತರಿಸಬೇಕಾದದ್ದು ‘ನಾನು’ ಎಂಬುದನ್ನು. ಸಾಧಕಿ ಮನಸ್ಸಿನಲ್ಲೇ ತನ್ನ ದೇಹವನ್ನು ತುಂಡರಿಸಿ, ಹಸಿದ ಭೂತಗಳಿಗೂ ದೇವತೆಗಳಿಗೂ ಬಡಿಸುತ್ತಾಳೆ. ಸ್ಮಶಾನದಲ್ಲಿ, ಒಂಟಿ ಮರದಡಿ ಮಾಡುತ್ತಿದ್ದ ಸಾಧನೆ ಇದು. ಈ ಪರಂಪರೆಯನ್ನು ಕಟ್ಟಿದವಳೂ ಹೆಂಗಸು: ಹನ್ನೊಂದು-ಹನ್ನೆರಡನೇ ಶತಮಾನದ ಮಾಚಿಗ್ ಲಾಬ್ದ್ರೋನ್. ಭಾರತದಿಂದ ಟಿಬೆಟ್ಟಿಗೆ ಹೋದ ಬೌದ್ಧ ಪದ್ಧತಿಗಳು ಬಹಳ. ಟಿಬೆಟ್ಟಿನಲ್ಲಿ ಒಬ್ಬ ಹೆಂಗಸಿನ ಬಾಯಿಂದ ಹುಟ್ಟಿ ದೊಡ್ಡ ಪಂಥವಾಗಿ ಬೆಳೆದದ್ದು ಎಂಬುದೇ ಇದರ ಹೆಚ್ಚುಗಾರಿಕೆ.

ಹತ್ತಿರದಿಂದ ಕೇಳಿದರೆ ಅದರ ಕಟ್ಟಡ ಸರಳ. ಬಲಗೈಯಲ್ಲಿ ಡಮರು, ಎಡಗೈಯಲ್ಲಿ ಗಂಟೆ. ಈ ಡಮರು ನಮ್ಮ ಬುಡಬುಡಿಕೆಗಿಂತ ಅಗಲ, ಬಾಲದಂತೆ ಬಣ್ಣದ ಬಟ್ಟೆ ಇಳಿಬಿಟ್ಟಿರುತ್ತದೆ. ಮಣಿಕಟ್ಟು ತಿರುಗಿದಂತೆ ಎರಡೂ ಮುಖಕ್ಕೆ ಗುಂಡು ಬಡಿಯುತ್ತದೆ, ನಿಧಾನ, ಎಲ್ಲೂ ಓಟವಿಲ್ಲ. ರಾಗ ನಾಲ್ಕೈದು ಸ್ವರಗಳ ಅಂಗಳ ಬಿಟ್ಟು ಹೊರಗೆ ಹೋಗುವುದಿಲ್ಲ. ಸಾಲಿನ ಕೊನೆಯಲ್ಲಿ ದನಿ ಒಂದು ಮೆಟ್ಟಿಲು ಇಳಿದು ಕೂರುತ್ತದೆ. ನಡುವೆ ಕಾಂಗ್ಲಿಂಗ್ ಎಂಬ ಕಹಳೆ. ಮನುಷ್ಯರ ತೊಡೆಯ ಮೂಳೆಯದು. ಆ ಕೂಗು ಕೇಳಿದವರಿಗೆ ಇದು ‘ಮನಃಶಾಂತಿಯ ಸಂಗೀತ’ ಎಂಬ ಭ್ರಮೆ ಉಳಿಯಲಾರದು. ಹೆದರಿಕೆಯ ಎದುರಿಗೆ ಕೂತು ಹೇಳುವ ಪದ ಅದು.

ಅಮೆರಿಕದ ಗಿಟಾರ್ ವಾದಕ ಸ್ಟೀವ್ ಟಿಬೆಟ್ಸ್ ನಾಗಿ ಗೊಂಪದಲ್ಲಿ ಅವರ ದನಿ ಕೇಳಿ ಧ್ವನಿಮುದ್ರಿಸಿಕೊಂಡರು. 1997ರಲ್ಲಿ ಬಂದ ‘ಚೋ’ ಆಲ್ಬಮ್, 2004ರ ‘ಸೆಲ್ವಾ’, ದೇಶದೇಶಗಳ ಕಛೇರಿಗಳು ಹೀಗೆ ಶುರುವಾದವು. ನಮ್ಮ ಕಡೆಯ ಹುಡುಗರಿಗೆ ಅವರ ಹೆಸರು ಗೊತ್ತಾದದ್ದು 2013ರಲ್ಲಿ, ಎ.ಆರ್. ರೆಹಮಾನ್ ಕೋಕ್ ಸ್ಟುಡಿಯೋಗಾಗಿ ಮಾಡಿದ ‘ಜರಿಯಾ’ದಿಂದ. ಅದರಲ್ಲಿ ಜೋರ್ಡಾನ್ ಮೂಲದ ಫರಾ ಸಿರಾಜ್ ಅರಬಿಯಲ್ಲಿ ಹಾಡಿದರೆ, ಬೋಳುತಲೆಯ, ಕೆಂಗಂದು ವಸ್ತ್ರದ ಈಕೆ ಬೌದ್ಧ ಪ್ರಾರ್ಥನೆ ಹೇಳುತ್ತಾರೆ.

*

ಗದ್ವಾಲ್ ಸೀರೆ ಉಟ್ಟವರಿಗೆಲ್ಲ ಅದರ ಗುಟ್ಟು ಗೊತ್ತು. ಮೈ ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಹೊಲಿಗೆಯಿಂದ ಅಂಟಿಸಿದ್ದಲ್ಲ, ಮಗ್ಗದ ಮೇಲೇ ಬೇರೆ ಬೇರೆ ಲಾಳಿಯ ನೂಲು ಒಂದನ್ನೊಂದು ಹಿಡಿದು ತಿರುಗಬೇಕು. ಕುಪ್ಪಡಂ ಅನ್ನುತ್ತಾರೆ. ಕೊಳ್ಳುವ ಹೆಂಗಸರು ಮೊದಲು ನೋಡುವುದು ಜರಿಯನ್ನಲ್ಲ, ಆ ಕೂಡಿಕೆಯನ್ನು. ಎರಡು ಬಗೆಯ ಸಂಗೀತ ಕೂಡಿದಲ್ಲಿಯೂ ನೋಡಬೇಕಾದದ್ದು ಅದನ್ನೇ.

‘ಚೋ’ ಆಲ್ಬಮ್ಮಿನಲ್ಲಿ ಕೂಡಿಕೆ ಗಟ್ಟಿ. ಗಿಟಾರ್ ಮುಂದೆ ಬಂದು ಮೆರೆಯುವುದಿಲ್ಲ. ದನಿ ಇಳಿದು ಕೂತ ಜಾಗದಲ್ಲಿ ತಾನೂ ಕೂತು, ಅದರ ಮಾರ್ದನಿಯಂತೆ ಉಳಿಯುತ್ತದೆ. ಅಲ್ಲಿ ಗೊಂಪದ ಇತರ ಭಿಕ್ಷುಣಿಯರ ದನಿಯೂ ಉಂಟು. ಗೊಂಪದಲ್ಲಿ ‘ಉಮ್ಜೆ’ ಎಂಬ ಮೇಳದ ಮುಖ್ಯಸ್ಥರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಆ ಪದ್ಧತಿಯ ನೆರಳು ಈ ಆಲ್ಬಮ್ಮಿನಲ್ಲಿ ಉಳಿದುಕೊಂಡಿದೆ. ‘ಸೆಲ್ವಾ’ಕ್ಕೆ ಬರುವಷ್ಟರಲ್ಲಿ ಮೇಳ ಹಿಂದೆ ಸರಿದು ಒಂಟಿ ಗಾಯಕಿ ಮುಂದೆ ಬಂದಿದ್ದಾರೆ, ವಾದ್ಯಗಳ ನೇಯ್ಗೆ ದಟ್ಟವಾಗಿದೆ. ‘ಜರಿಯಾ’ದಲ್ಲಿ ಕೂಡಿಕೆಯೇ ಪ್ರದರ್ಶನದ ವಸ್ತು: ನೋಡಿ, ಇವೆರಡೂ ಒಂದೇ ಮಗ್ಗದ ಮೇಲೆ! ಕೇಳಲು ಚೆಂದ, ಒಪ್ಪಿದೆ. ಆದರೆ ಹತ್ತಿಯ ಮೈ ಸಣ್ಣದಾಗಿ ರೇಷ್ಮೆಯ ಅಂಚೇ ಸೀರೆಯಾಗಿದೆ. ಪ್ರಾರ್ಥನೆ ಅಲ್ಲಿ ಒಂದು ಬಣ್ಣವಾಗಿ ನಿಂತಿತೇ ಹೊರತು ಕೆಲಸ ಮಾಡಲಿಲ್ಲ.

ಹದಿನಾರು ವರ್ಷಗಳ ಈ ಓಟದಲ್ಲಿ ಗಾಯನ ಪಳಗಿತು, ವೇದಿಕೆ ದೊಡ್ಡದಾಯಿತು, ಹಿಂದೆ ಹೇಳುವವರು ಒಬ್ಬೊಬ್ಬರಾಗಿ ಇಳಿದುಹೋದರು.

ಇದಕ್ಕೆ ಆಕೆಯನ್ನೇ ದೂರುವುದು ಸಲ್ಲದು. ಕಾರಣ ಪರಂಪರೆಯ ಒಳಗೇ ಇದೆ. ಟಿಬೆಟನ್ ತಾಂತ್ರಿಕ ಪಠಣವನ್ನು ಯಾರು ಬೇಕಾದರೂ ಎತ್ತಿಕೊಂಡು ಹೇಳುವಂತಿಲ್ಲ. ಮೊದಲು ‘ವಾಂಗ್’ ಎಂಬ ಅಭಿಷೇಕ, ಆಮೇಲೆ ಗುರು ಗ್ರಂಥವನ್ನು ಓದಿ ಶಿಷ್ಯ ಕಿವಿಯಿಂದ ಪಡೆಯುವ ‘ಲುಂಗ್’, ಕೊನೆಗೆ ವಿವರಣೆ. ‘ಓಂ ಮಣಿ ಪದ್ಮೇ ಹೂಂ’ ಎಲ್ಲರದು, ಚೋ ಹಾಗಲ್ಲ. ಆದ್ದರಿಂದ ಆಲ್ಬಮ್ಮಿನಲ್ಲಿ ಹೊರಗೆ ಬಂದದ್ದು ಸಾಧನೆಯ ನಾದ, ಸಾಧನೆಯ ಹಕ್ಕು ಒಳಗೇ ಉಳಿಯಿತು. ಕೇಳುಗರಿಗೆ ಕಿಟಕಿ ತೆರೆಯಿತು, ಬಾಗಿಲು ಮುಚ್ಚಿಯೇ ಇತ್ತು.

ಇದು ಕರ್ನಾಟಕದಲ್ಲೇ ಕಣ್ಣಿಗೆ ಕಾಣುವ ಸಂಗತಿ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಬಳಿ ಟಿಬೆಟನ್ನರು ನೆಲೆಸಿ ಐವತ್ತು ಅರವತ್ತು ವರ್ಷಗಳು ಕಳೆದವು. ಹುಣಸೂರು ತಾಲ್ಲೂಕಿನ ಗ್ಯೂಮೆ ಮಠದ ಭಿಕ್ಷುಗಳು ಒಂದೇ ಕಂಠದಿಂದ ಏಕಕಾಲಕ್ಕೆ ಪಾತಾಳದ ಸ್ವರವನ್ನೂ ಅದರ ಮೇಲೆ ತೇಲುವ ಇನ್ನೊಂದು ಸ್ವರವನ್ನೂ ಹೊರಡಿಸುವುದು ಲೋಕಪ್ರಸಿದ್ಧ. ಪೆನೋರ್ ರಿಂಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲಿ ಶುರುಮಾಡಿದ ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲಕ್ಕೆ ನಾನೂ ಹೋಗಿದ್ದೆ. ಉದ್ದ ಕಹಳೆ ದುಂಗ್ಚೆನ್ ಮೊಳಗಿದಾಗ ನೆಲವೇ ನಡುಗಿದಂತಾಯಿತು. ಶಹನಾಯಿಯ ಬಳಗದ ಗ್ಯಾಲಿಂಗ್ ಅದರ ಮೇಲೆ ಸುರುಳಿ ಬಿಡಿಸಿತು. ಬಸ್ಸಿನಲ್ಲಿ ಬಂದ ನಮ್ಮಂಥವರೆಲ್ಲ ಒಟ್ಟಿಗೆ ಮೊಬೈಲು ಎತ್ತಿದೆವು. ಆ ಸೀಮೆಯ ಕನ್ನಡಿಗರ ಬಾಯಿಗೆ ಮೋಮೋ ಬಂತು, ಮೈಗೆ ಸ್ವೆಟರ್ ಬಂತು. ಹಾಡು ಬರಲಿಲ್ಲ.

*

ಈಗ ನಮ್ಮ ಕಡೆ ನೋಡೋಣ. ಗದ್ವಾಲಿನಿಂದ ಐಜ ದಾರಿ ಹಿಡಿದರೆ ಉತ್ತನೂರು ಸಿಗುತ್ತದೆ. ಹದಿನೆಂಟನೇ ಶತಮಾನದಲ್ಲಿ ಗೋಪಾಲದಾಸರು ನೆಲೆ ನಿಂತ ಊರು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿ, ವಿಜಯದಾಸರಿಂದ ‘ಗೋಪಾಲವಿಠಲ’ ಅಂಕಿತ ಪಡೆದು, ತಮ್ಮಂದಿರನ್ನೂ ದಾಸರನ್ನಾಗಿ ಮಾಡಿದವರು. ‘ಭಕ್ತಿಯಲ್ಲಿ ಭಾಗಣ್ಣ’ ಎಂದು ಇಂದಿಗೂ ಹೇಳುವುದು ಇವರನ್ನೇ. ಮಾನವಿಯ ಜಗನ್ನಾಥದಾಸರು ಗುರುವೆಂದು ನೆನೆಯುವುದೂ ಇವರನ್ನೇ.

ಈ ಪರಂಪರೆಯಲ್ಲಿ ಅಪ್ಪಣೆಯ ಏರ್ಪಾಡು ಟಿಬೆಟನ್ನರದಕ್ಕೆ ತಿರುಗಾಮುರುಗಾ. ಪದ ಕಟ್ಟಬೇಕೆಂದರೆ ಗುರುವಿನಿಂದ ಅಂಕಿತ ಬೇಕು. ಕಟ್ಟಿದ ಪದವನ್ನು ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬೀಗ ಹಾಕಿದ್ದು ಬಾವಿಗೆ ಅಲ್ಲ, ಬಾವಿ ತೋಡುವ ಗುದ್ದಲಿಗೆ. ಸಂಸ್ಕೃತದ ಟೀಕೆ-ಟಿಪ್ಪಣಿಗಳಲ್ಲಿ ಹೂತಿದ್ದ ತತ್ತ್ವವನ್ನು ರಾಗಿ ಬೀಸುವ, ಮಗು ತೂಗುವ ಮಾತಿನಲ್ಲಿ ಇಳಿಸಿ, ಪಲ್ಲವಿಯೊಂದನ್ನು ಕೈಗೆ ಕೊಟ್ಟರು. ಪಲ್ಲವಿ ಇರುವುದೇ ಹಿಂದೆ ಹೇಳುವವರಿಗಾಗಿ. ನುಡಿ ಬಾರದವರೂ ಪಲ್ಲವಿ ಹಿಡಿಯಬಹುದು. ಹೀಗಾಗಿಯೇ ನಿಜಾಮರ ಕಾಲ ಕಳೆದು, ರಾಜ್ಯಗಳ ಗೆರೆ ಬದಲಾಗಿ, ಶಾಲೆ ತೆಲುಗಾಗಿ, 2016ರಲ್ಲಿ ಗದ್ವಾಲ್ ಜಿಲ್ಲಾಕೇಂದ್ರವೂ ಆದಮೇಲೂ, ತೆಲುಗು ಅಕ್ಷರದಲ್ಲಿ ಕನ್ನಡ ಪದ ಉಳಿದುಕೊಂಡಿತು.

ಇಷ್ಟು ಹೇಳಿ ಬೆನ್ನು ತಟ್ಟಿಕೊಂಡರೆ ಅದು ವಿಮರ್ಶೆಯಾಗುವುದಿಲ್ಲ. ಹೇಳಲು ಅಪ್ಪಣೆ ಬೇಡ, ಸರಿ. ಹೇಳುವ ಪಡಸಾಲೆಗೆ ಯಾರು ಬರಬಹುದಿತ್ತು? ಕನಕದಾಸರಂಥವರನ್ನು ಕಂಡ ಪರಂಪರೆಯೇ ನಮ್ಮೂರುಗಳಲ್ಲಿ ಹೆಚ್ಚುಪಾಲು ಒಂದೇ ಕೇರಿಯ ಮನೆಗಳಲ್ಲಿ ಕುದುರಿ ಕೂತಿತು. ಮಗ್ಗದ ಮನೆಯವರು ತಮ್ಮ ಭಜನೆ ತಾವು ಮಾಡಿಕೊಂಡರು, ಹೊಲದವರು ತತ್ತ್ವಪದಗಳನ್ನು ನೆಚ್ಚಿದರು. ಅನಿ ಚೋಯಿಂಗ್ ಕಛೇರಿಗೆ ಟಿಕೆಟ್ ಕೊಂಡವರು ಯಾರಾದರೂ ಒಳಗೆ ಹೋಗಬಹುದು. ನಮ್ಮ ಹೊಸ್ತಿಲಿಗೆ ಟಿಕೆಟ್ಟೇ ಇರಲಿಲ್ಲ. ಅವರಲ್ಲಿ ಹಾಡಿಗೆ ಬಾಗಿಲು, ನಮ್ಮಲ್ಲಿ ಮನೆಗೆ ಬಾಗಿಲು.

*

ಎರಡೂ ಪರಂಪರೆಗಳು ಹೆಂಗಸರ ವಿಷಯದಲ್ಲಿ ಮಾಡಿದ ತಪ್ಪು ಮಾತ್ರ ಅಕ್ಕತಂಗಿಯರಂತೆ ಒಂದನ್ನೊಂದು ಹೋಲುತ್ತದೆ. ಹಾಡು ಕೊಟ್ಟರು, ಪಾಠ ಕೊಡಲಿಲ್ಲ.

ರಾಣೆಬೆನ್ನೂರಿನಲ್ಲಿ ಹುಟ್ಟಿದ ಹೆಳವನಕಟ್ಟೆ ಗಿರಿಯಮ್ಮ ಗೋಪಾಲದಾಸರ ಕಾಲದವಳು. ಉತ್ತನೂರಿನ ಈ ದಾಸರೇ ಅವಳಿಗೆ ದಾರಿ ತೋರಿದರೆಂದು ಸಂಪ್ರದಾಯದ ನಂಬಿಕೆ. ಮದುವೆಯಾದರೂ ಸಂಸಾರಕ್ಕೆ ಇಳಿಯದೆ, ಗಂಡನಿಗೆ ಇನ್ನೊಂದು ಮದುವೆ ಮಾಡಿಸಿ, ಮಲೆಬೆನ್ನೂರಿನ ಬಳಿಯ ರಂಗನಾಥನ ಹೆಸರನ್ನೇ ಅಂಕಿತವಾಗಿಸಿಕೊಂಡು ಬದುಕಿದಳು. ತಲೆ ಬೋಳಿಸಲಿಲ್ಲ, ಮಠ ಸೇರಲಿಲ್ಲ, ಉಳಿದಂತೆ ಭಿಕ್ಷುಣಿಯೇ. ‘ಚಂದ್ರಹಾಸನ ಕಥೆ’, ‘ಸೀತಾ ಕಲ್ಯಾಣ’, ‘ಉದ್ದಾಲಕನ ಕಥೆ’ಗಳನ್ನು ಹೆಂಗಸರು ಕೂತು ಹೇಳಿಕೊಳ್ಳುವ ಉದ್ದನೆಯ ಹಾಡುಗಬ್ಬಗಳಾಗಿ ಕಟ್ಟಿದಳು. ಒಂದು ಶತಮಾನದ ಮೇಲೆ ಹರಪನಹಳ್ಳಿ ಭೀಮವ್ವ ಬಂದಳು. ಇವರ ಪದಗಳನ್ನು ಮನೆಮನೆಯಲ್ಲಿ ಹೇಳಿದ ಸಮಾಜವೇ ಅವಕ್ಕೆ ‘ಹೆಂಗಸರ ಹಾಡು’ ಎಂಬ ಚೀಟಿ ಅಂಟಿಸಿ, ಪಂಡಿತರ ಕಪಾಟಿನ ಹೊರಗೆ ಇಟ್ಟಿತು. ವಿದ್ವಾಂಸರಿಗೆ ಸಂಭಾವನೆ ಕೊಟ್ಟು ‘ವಿದ್ವತ್ ಗದ್ವಾಲ’ ಎನಿಸಿಕೊಂಡ ಸಂಸ್ಥಾನ ನಮ್ಮದು. ಅದನ್ನು ಕೊನೆಗೆ ಆಳಿದವಳು ಮಹಾರಾಣಿ ಆದಿಲಕ್ಷ್ಮೀದೇವಮ್ಮ. ಗದ್ದುಗೆಯ ಮೇಲೆ ಹೆಂಗಸು ಕೂತ ಆ ಊರಲ್ಲೂ ವಾಕ್ಯಾರ್ಥದ ಚಾಪೆ ಗಂಡಸರದ್ದೇ ಆಗಿತ್ತು.

ಬೌದ್ಧರ ಕಥೆ ಇನ್ನೂ ವಿಚಿತ್ರ. ‘ಥೇರೀಗಾಥಾ’ ಹಿರಿಯ ಭಿಕ್ಷುಣಿಯರ 73 ಕವಿತೆಗಳ ಪಾಲಿ ಸಂಗ್ರಹ. ಹೆಂಗಸರ ದನಿಯ ಇಷ್ಟು ಹಳೆಯ ಸಂಕಲನ ಲೋಕದಲ್ಲಿ ಅಪರೂಪ. ಅಂಥ ಧರ್ಮವೇ ಕುಣಿತ, ಹಾಡು, ವಾದ್ಯಗಳಿಂದ ದೂರವಿರಬೇಕೆಂಬ ಶೀಲವನ್ನು ಸನ್ಯಾಸಿಗಳಿಗೆ ವಿಧಿಸಿತು. ಅನಿ ಚೋಯಿಂಗ್ ವೇದಿಕೆ ಏರಿದ್ದಕ್ಕೆ ಮೂಗು ಮುರಿದವರು ಹಿಡಿದದ್ದು ಇದೇ ಶೀಲವನ್ನು. ಆದರೆ ಪೂರ್ಣ ಉಪಸಂಪದೆಯ ಭಿಕ್ಷುಣಿ ಪರಂಪರೆ ಟಿಬೆಟ್ಟಿನಲ್ಲಿ ನೆಲೆಯೂರಲೇ ಇಲ್ಲ; ಶ್ರಾಮಣೇರಿಯ ದೀಕ್ಷೆಯೇ ಅಲ್ಲಿನ ಹೆಂಗಸರಿಗೆ ಕೊನೆಯ ಮೆಟ್ಟಿಲಾಗಿತ್ತು. 2022ರಲ್ಲಿ ಭೂತಾನದಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಪೂರ್ಣ ದೀಕ್ಷೆ ಸಿಕ್ಕಿದ್ದು ಇತಿಹಾಸವಾಯಿತು. ಪೂರ್ತಿ ದೀಕ್ಷೆ ಕೊಡದೆ ನಿಷೇಧ ಮಾತ್ರ ಪೂರ್ತಿ ಹೊರಿಸುವ ಈ ಲೆಕ್ಕ ನಮ್ಮ ಮನೆಗಳ ಹೆಂಗಸರಿಗೆ ಹೊಸದಲ್ಲ.

ಇದರಲ್ಲಿ ಒಂದು ಬಿರುಕು ಬಿಟ್ಟದ್ದು ನಮ್ಮ ಕರ್ನಾಟಕದ ನೆಲದ ಮೇಲೆ. 2016ರ ಡಿಸೆಂಬರಿನಲ್ಲಿ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ 20 ಭಿಕ್ಷುಣಿಯರಿಗೆ ‘ಗೆಶೆಮಾ’ ಪದವಿ ಪ್ರದಾನ ಮಾಡಿದರು. ಶತಮಾನಗಳಿಂದ ಗಂಡಸರಿಗೆ ಮೀಸಲಾಗಿದ್ದ ತತ್ತ್ವಶಾಸ್ತ್ರದ ಉನ್ನತ ಪದವಿ ಅದು. ಹಾಡಿನ ಕೊನೆಯಲ್ಲಿ ಚಪ್ಪಾಳೆ ಗಿಟ್ಟಿಸುವುದು ಬೇರೆ. ವಾದದಲ್ಲಿ ಪ್ರಶ್ನೆ ಎಸೆದು ತಾನೇ ಅಂಗೈಗೆ ಅಂಗೈ ಹೊಡೆಯುವುದು ಬೇರೆ. ಟಿಬೆಟನ್ ತರ್ಕಸಭೆಯಲ್ಲಿ ಆ ಹೊಡೆತವೇ ಪ್ರಶ್ನೆಯ ಪೂರ್ಣವಿರಾಮ. ಲೋಕ ಆಲ್ಬಮ್ಮುಗಳನ್ನು ಕೇಳಿತು, ಈ ಸದ್ದನ್ನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ.

ಅನಿ ಚೋಯಿಂಗ್ ಈ ಕೊರತೆಯನ್ನು ಬಲ್ಲವರು. ಕಛೇರಿಯ ಗಳಿಕೆಯನ್ನು ಭಿಕ್ಷುಣಿಯರ ಓದಿಗೆ ತಿರುಗಿಸಿ, 2000ದಲ್ಲಿ ಆರ್ಯತಾರಾ ಶಾಲೆ ತೆರೆದರು. ಆಲ್ಬಮ್ಮು ಕೇಳುಗರಿಗೆ ಸಾಧನೆ ಕೊಡದೆ ಇರಬಹುದು, ಹುಡುಗಿಯರಿಗೆ ಪುಸ್ತಕ ಕೊಟ್ಟಿತು. ಆಕೆಯ ಸಂಗೀತವನ್ನು ಬರೀ ಸಂಗೀತವೆಂದು ತೂಗಿದರೆ ಈ ಪಡಿಗಲ್ಲು ತಪ್ಪಿಹೋಗುತ್ತದೆ.

*

ಹಾಗಾದರೆ ಆಕೆಯ ನಿಜವಾದ ಗೆಲುವು ಯಾವುದು? ವಿದೇಶದ ವಿಮರ್ಶಕರು ‘ಚೋ’ದತ್ತ ಬೆರಳು ಮಾಡುತ್ತಾರೆ. ನನ್ನ ತೀರ್ಪು ಬೇರೆ: 2004ರ ‘ಫೂಲ್ಕೋ ಆಂಖಾಮಾ’. ಅದು ಟಿಬೆಟನ್ ಅಲ್ಲ, ಮಂತ್ರವಲ್ಲ, ಚೋ ಅಲ್ಲವೇ ಅಲ್ಲ. ಕವಿ ದುರ್ಗಾಲಾಲ್ ಶ್ರೇಷ್ಠ ಬರೆದು, ನ್ಹ್ಯೂ ಬಜ್ರಾಚಾರ್ಯ ರಾಗ ಹಾಕಿದ ನೇಪಾಳಿ ಹಾಡು. ಮನಸ್ಸು ಇದ್ದಂತೆ ಲೋಕ ಕಾಣುತ್ತದೆಂಬ ಬೌದ್ಧರ ಹಳೆಯ ತಿಳಿವನ್ನು ಹೂವು-ಮುಳ್ಳುಗಳ ಸಣ್ಣ ಮಾತಿನಲ್ಲಿ ಹೇಳುತ್ತದೆ. ನೇಪಾಳದಲ್ಲಿ ಶಾಲೆಯ ಮಕ್ಕಳೂ ಅದನ್ನು ಗುನುಗುತ್ತಾರೆ.

ಟಿಬೆಟನ್ ಪಾವಿತ್ರ್ಯವನ್ನು ಹುಡುಕುವವರಿಗೆ ಇದು ನೀರು ಬೆರೆಸಿದ ಹಾಲು. ಸಿನಿಮಾ ಹಾಡಿನಂತಿದೆ ಎಂಬ ದೂರೂ ಬಂದೀತು; ಅದರ ನಡೆ, ವಾದ್ಯಗಳ ತಿರುವು ಆಧುನಿಕ ನೇಪಾಳಿ ಗೀತೆಗಳವೇ. ಆದರೆ ದಾಸರು ಮಾಡಿದ್ದೂ ಇದನ್ನೇ ಅಲ್ಲವೇ? ಶಾಸ್ತ್ರದ ಭಾಷೆ ಬಿಟ್ಟು ಸಂತೆಯ ಭಾಷೆ ಹಿಡಿದರು, ಊರಲ್ಲಿ ಓಡಾಡುತ್ತಿದ್ದ ಮಟ್ಟುಗಳಿಗೆ ತತ್ತ್ವ ತೊಡಿಸಿದರು, ಹಿಂದೆ ಹೇಳಲು ಪಲ್ಲವಿ ಕೊಟ್ಟರು. ಭಿಕ್ಷುಣಿ ತನ್ನ ಪರಂಪರೆಗೆ ಅತ್ಯಂತ ನಿಷ್ಠಳಾಗಿ ಹಾಡಿದಾಗ ಕೇಳುಗರು ಕಣ್ಣು ಮುಚ್ಚಿ ಕೂತರು. ಪರಂಪರೆಯ ಭಾಷೆ, ರಾಗ, ವಾದ್ಯ ಮೂರನ್ನೂ ಬಿಟ್ಟು ಹಾಡಿದಾಗ ಅದರ ತಿರುಳು ಜನರ ಬಾಯಿಗೆ ಬಂತು. ಹಂಚಿಕೊಳ್ಳುವುದೆಂದರೆ ಕೇಳಿಸುವುದಲ್ಲ, ಇನ್ನೊಬ್ಬರ ಗಂಟಲಿಗೆ ದಾಟಿಸುವುದು ಎಂದು ಒಪ್ಪಿದರೆ, ಆಕೆಯ ದಾಸರ ಪದ ಇದು.

ಈ ಮಾತು ನಮ್ಮತ್ತಲೂ ತಿರುಗುತ್ತದೆ. ಭೀಮಸೇನ ಜೋಶಿಯವರ ‘ದಾಸವಾಣಿ’ ಬಂದಾಗ, ಆಮೇಲೆ ವಿದ್ಯಾಭೂಷಣರ ಕ್ಯಾಸೆಟ್ಟುಗಳು ಬಂದಾಗ, ನಮ್ಮಲ್ಲೂ ಪದ ಪಡಸಾಲೆಯಿಂದ ಸಭಾಂಗಣಕ್ಕೆ ಹೋಯಿತು. ವಿದ್ಯಾಭೂಷಣರು ಸುಬ್ರಹ್ಮಣ್ಯ ಮಠದ ಪೀಠದಲ್ಲಿದ್ದಾಗಲೇ ಹಾಡಿ ಹೆಸರಾದವರು, 1997ರಲ್ಲಿ ಸನ್ಯಾಸ ಬಿಟ್ಟವರು. ಯತಿ ಕಛೇರಿ ಮಾಡಬಹುದೇ ಎಂದು ನಾವೂ ಆಗ ಚರ್ಚೆ ಮಾಡಿದ್ದೆವು, ಕ್ಯಾಸೆಟ್ಟನ್ನು ಮಾತ್ರ ತಪ್ಪದೆ ಕೊಂಡೆವು. ಆಗ ಕೇಳಿದವರಿಗೆ ಪದ ಮೊದಲೇ ಬರುತ್ತಿತ್ತು. ಟೇಪ್‌ರೆಕಾರ್ಡರ್ ಹೇಳಿದರೆ ಅಡುಗೆಮನೆ ಹಿಂದೆ ಹೇಳುತ್ತಿತ್ತು. ಈಗಿನ ಮನೆಗಳಲ್ಲಿ ಮೊಬೈಲು ಹೇಳುತ್ತದೆ, ಮನೆ ಸುಮ್ಮನಿರುತ್ತದೆ. ಟಿಬೆಟನ್ ಪಠಣದ ಎದುರು ಅತ್ತೆ ಯಾವ ಜಾಗದಲ್ಲಿ ನಿಂತಳೋ, ಗೋಪಾಲದಾಸರ ಎದುರು ಅವಳ ಮೊಮ್ಮಗಳು ಈಗ ಅದೇ ಜಾಗದಲ್ಲಿದ್ದಾಳೆ: ದನಿ ಛಲೋ ಅದ, ಹಿಂದೆ ಹೇಗೆ ಹೇಳಲಿ?

ಹೋದ ದಸರೆಗೆ ಆ ಮೊಮ್ಮಗಳು ಹೈದರಾಬಾದಿನಿಂದ ಬಂದಿದ್ದಳು. ಶನಿವಾರ ಅತ್ತೆಗೆ ನೆಗಡಿ, ದನಿ ಬಿದ್ದುಹೋಗಿತ್ತು. ಹುಡುಗಿ ಮೊಬೈಲಿನಲ್ಲಿ ಅತ್ತೆ ಹೇಳಬೇಕಿದ್ದ ಪದವನ್ನೇ ಹುಡುಕಿ, ತಾಳದ ಪಕ್ಕ ಇಟ್ಟಳು. ಒಂದು ನುಡಿ ಮುಗಿಯುವವರೆಗೆ ಅತ್ತೆ ತಾಳಿಕೊಂಡಳು. ಆಮೇಲೆ ಮೊಬೈಲನ್ನು ಮಗುಚಿಟ್ಟು, ನೋಟುಬುಕ್ಕನ್ನು ಹುಡುಗಿಯ ತೊಡೆಯ ಮೇಲೆ ಸರಿಸಿದಳು.

“ನೀ ಹೇಳು,” ಅಂದಳು ಬಿದ್ದ ದನಿಯಲ್ಲೇ. “ನಾ ಹಿಂದ ಹೇಳ್ತೀನಿ.”